ಬಾಡಿಗೆ ಮಿಕ್ಸರ್, ಒಂದು ಅಚ್ಚು ಬೆಲ್ಲ

ನಮ್ಮ ಅಂಗಳಕ್ಕೆ ಕಾಂಕ್ರೀಟ್ ಮಿಕ್ಸರ್ ಬಂದ ದಿನ ನಾನು ಬಾಯಿ ತುಂಬಾ ಬೈದೆ. ಬೈದದ್ದು ಮಿಕ್ಸರಿಗೋ ಅದನ್ನು ತಂದವರಿಗೋ ಎಂದು ಕೇಳಿದರೆ ಈಗಲೂ ಹೇಳಲಾರೆ, ಇಬ್ಬರಿಗೂ ಸಮ ಸಮ ಹಂಚಿರಬೇಕು. ಅರುವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಕುಂದಾಪುರ ಪೇಟೆಯಿಂದ ಸ್ವಲ್ಪ ಒಳಗೆ ನಮ್ಮ ಹಂಚಿನ ಮನೆ. ಅಂಗಳದ ತುಂಬಾ ಭತ್ತ ಒಣಹಾಕಿ, ಕಾಗೆ ಓಡಿಸುತ್ತಾ ಕೂತಿದ್ದೆ. ಲಾರಿಯೊಂದು ಬೊಬ್ಬೆ ಹಾಕಿಕೊಂಡು ಬಂತು. ಅದರ ಬೆನ್ನಿಗೆ ಕಟ್ಟಿದ್ದ, ನಾಲ್ಕು ಕಬ್ಬಿಣದ ಗಾಲಿಯ, ಹೊಟ್ಟೆ ಉಬ್ಬಿದ, ತುಕ್ಕು ಹಿಡಿದ ಯಂತ್ರವೊಂದು ನೇರವಾಗಿ ನನ್ನ ಭತ್ತದ ಮೇಲೆಯೇ ಬಂದು ನಿಂತಿತು.

ಲಾರಿಯಿಂದ ಇಳಿದವರು ನನ್ನ ಗಂಡ.

"ಹ್ವಾಯ್, ಎಂತ ಇದ್? ಭತ್ತದ ಮೇಲೆ ಗಾಲಿ ಹೋತಿತ್ತ್, ಕಾಂತಿಲ್ಯಾ ನಿಮ್ಗೆ?"

"ಮಿಕ್ಸರ್. ಬಾಡಿಗಿಗೆ ಕೊಡುಕೆ."

"ಇದನ್ನಾ? ಯಾರಿಗೆ?"

"ಮನಿ ಕಟ್ಟುವರಿಗೆ."

ಇವರ ಮಾತೇ ಹಾಗೆ, ಅಳೆದು ತೂಗಿ ನಾಲ್ಕು. ಉಳಿದದ್ದನ್ನೆಲ್ಲ ನಾನೇ ಆಡಬೇಕು. ಮದುವೆಯಾಗಿ ಆರು ವರ್ಷವಾಗಿತ್ತು. ಅದರಲ್ಲಿ ಇವರು ಊರಲ್ಲಿ ಇದ್ದದ್ದು ವರ್ಷಕ್ಕೊಂದು ತಿಂಗಳು ಮಾತ್ರ. ಮಿಕ್ಕ ದಿನವೆಲ್ಲ ಬೊಂಬಾಯಿಯಲ್ಲಿ, ಒಬ್ಬ ಕಟ್ಟಡ ಕಂತ್ರಾಟುದಾರನ ಕೈಕೆಳಗೆ ಮಿಕ್ಸರ್ ನಡೆಸುವ ಕೆಲಸ. ಆತ ಹಳೆಯದೊಂದನ್ನು ಮಾರುತ್ತೇನೆ ಎಂದದ್ದೇ ತಡ, ಇವರು ಕೂಡಿಟ್ಟದ್ದನ್ನೆಲ್ಲ ಸುರಿದು ಕಟ್ಟಿಕೊಂಡು ಬಂದಿದ್ದರು.

ಗಂಜಿ ಉಂಡು ಕೈತೊಳೆದ ಮೇಲೆ ನಿಜ ಸಂಗತಿ ಹೊರಬಿತ್ತು. "ಪತ್ತನಾಜೆ ಒಳ್ಗೆ ಇದ್ಕೆ ಹೆಸ್ರ್ ಬಂದ್ರೆ ನಾ ಊರಲ್ಲೇ," ಎಂದರು. "ಇಲ್ದಿರೆ ಮಾರಿ ತಿರ್ಗಿ ಹೋತೆ. ಅಲ್ಲಿ ನನ್ ಜಾಗ ಇಟ್ಕಂಡಿದ್ರ್." ಪತ್ತನಾಜೆ ಎಂದರೆ ನಮ್ಮ ಕಡೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುವ ದಿನ, ಮಳೆ ಹೊಸ್ತಿಲ ತನಕ ಬಂದ ಲೆಕ್ಕ. ಅದಕ್ಕೆ ಆರು ತಿಂಗಳೂ ಇರಲಿಲ್ಲ. ನಾನು ಆಗಲೇ ಬೈಯುವುದನ್ನು ನಿಲ್ಲಿಸಿದೆ. ಮರುದಿನ ಬೆಳಿಗ್ಗೆ ಎದ್ದವಳೇ ಆ ತುಕ್ಕಿನ ಹೊಟ್ಟೆಗೆ ಅರಸಿನ ಕುಂಕುಮ ಹಚ್ಚಿ ಕೈಮುಗಿದೆ. ಗಂಡ ಮನೆಯಲ್ಲಿ ಉಳಿಯುತ್ತಾನೆ ಎಂದರೆ ಆನೆಯನ್ನು ಬೇಕಾದರೂ ಅಂಗಳದಲ್ಲಿ ಕಟ್ಟಿಕೊಳ್ಳುತ್ತಿದ್ದೆ.

ಆಗ ನಮ್ಮ ಸೀಮೆಯಲ್ಲಿ ತಾರಸಿ ಮನೆ ಅಪರೂಪ. ಎಲ್ಲೋ ಒಂದೆರಡು ಕಡೆ ಹಾಕಿದರೂ ಜಲ್ಲಿ, ಹೊಯ್ಗೆ, ಸಿಮೆಂಟನ್ನು ನೆಲದ ಮೇಲೆ ರಾಶಿ ಹಾಕಿ ಹಾರೆಯಲ್ಲಿ ಮಗುಚುತ್ತಿದ್ದರು. ಕೈಯಲ್ಲಿ ಕಲಸಿದ್ದಕ್ಕೇ ರುಚಿ ಎಂದು ಹೇಳುವವರು ಅಡುಗೆಮನೆಯಲ್ಲಿ ಮಾತ್ರ ಇರುವುದಲ್ಲ, ಕಟ್ಟಡದ ಹತ್ತಿರವೂ ಇದ್ದರು. ಯಂತ್ರ ನಡೆಸುವುದು ಇವರ ಪಾಲಿಗೆ, ಜನರಿಗೆ ಒಪ್ಪಿಸುವುದು ನನ್ನ ಪಾಲಿಗೆ ಎಂದಾಯಿತು. ನಾನು ಮದುವೆ ಮನೆಯಲ್ಲಿ ಹೇಳಿದೆ, ಬಸ್ಸಿನಲ್ಲಿ ಹೇಳಿದೆ, ಮೀನಿನ ಪೇಟೆಯಲ್ಲಿ ಹೇಳಿದೆ. ಬ್ರಹ್ಮಾವರದ ಒಬ್ಬ ಮೇಷ್ಟ್ರು ಮೊದಲು ಬಂದರು. ಆಮೇಲೆ ಶಂಕರನಾರಾಯಣದ ಕಡೆಯವರು ಒಬ್ಬರು ತಮ್ಮ ಬಾವಿಕಟ್ಟೆಗೆಂದು ತೆಗೆದುಕೊಂಡು ಹೋದರು. ಬಾವಿಕಟ್ಟೆಗೆ ಮಿಕ್ಸರ್! ನಾನು ಬೇಡ ಎನ್ನಲಿಲ್ಲ.

ದೊಡ್ಡ ತಲೆನೋವೆಂದರೆ ಪಂಚಾಂಗ. ಒಳ್ಳೆಯ ಮುಹೂರ್ತ ಯಾವಾಗ ಇದೆಯೋ ಆಗಲೇ ಎಲ್ಲರಿಗೂ ಮಿಕ್ಸರ್ ಬೇಕು. ಒಂದು ಗುರುವಾರ ಒಂಬತ್ತು ಗಂಟೆಗೆ ಬೈಂದೂರಿನವರೂ ಕೊಕ್ಕರ್ಣೆಯವರೂ ಒಟ್ಟಿಗೇ ಕೇಳಿದರು. ಇದ್ದದ್ದು ಒಂದು ಯಂತ್ರ, ಒಬ್ಬ ಗಂಡ. ನಾನು ಕೊಕ್ಕರ್ಣೆಯವರಿಗೆ ಹೇಳಿದೆ, "ಮುಹೂರ್ತಕ್ಕೆ ಒಂದ್ ಬುಟ್ಟಿ ಕೈಯಂಗೇ ಕಲ್ಸಿ ಈಶಾನ್ಯಕ್ಕೆ ಹಾಕಿ ಕೈಮುಗೀನಿ. ಮಿಕ್ಸರ್ ಮರ್ದಿನ ಬತ್ತ್. ದೇವ್ರ್ ಮೊದ್ಲ್ ಬುಟ್ಟಿ ಮಾತ್ರ ಕಾಂಬುದ್." ಈ ಮಾತು ಎಷ್ಟು ಹಿಡಿಸಿತೆಂದರೆ ಆಮೇಲೆ ಮಿಕ್ಸರ್ ಪಕ್ಕದಲ್ಲೇ ಇದ್ದರೂ ಮೊದಲ ಬುಟ್ಟಿ ಕೈಯಲ್ಲೇ ಕಲಸತೊಡಗಿದರು. ನಾನು ಬಾಯಿಗೆ ಬಂದಂತೆ ಹೇಳಿದ್ದು ಶಾಸ್ತ್ರವಾಯಿತು.

ಕೆಲಸ ಮುಗಿದ ಮೇಲೆ ಡ್ರಮ್ಮನ್ನು ತೊಳೆದು ಕೊಡಬೇಕು ಎಂಬುದು ನಮ್ಮ ಕರಾರು. ತೊಳೆಯದೆ ಕಳಿಸಿದರೆ ಒಳಗೆ ಅಂಟಿದ್ದು ಕಲ್ಲಾಗುತ್ತದೆ. ಒಮ್ಮೆ ಹಾಗೆಯೇ ಬಂದಾಗ ನಾನೇ ಸೀರೆ ಎತ್ತಿ ಕಟ್ಟಿ ಒಳಗೆ ಹೊಕ್ಕು ಸುತ್ತಿಗೆಯಲ್ಲಿ ಬಡಿದೆ. ನೆರೆಮನೆಯವರು ಓಡಿ ಬಂದರು, ಗಂಡ ಹೆಂಡತಿ ಜಗಳವೆಂದು ತಿಳಿದು.

ಇನ್ನು ಮೇಸ್ತ್ರಿ ಅಜ್ಜಯ್ಯನ ವಿಷಯ ಹೇಳಬೇಕು. ನಮ್ಮ ಮನೆಯಿಂದ ಕೂಗಳತೆಯಲ್ಲಿ ಅವರ ಮನೆ. ನಲವತ್ತು ವರ್ಷ ಸುಣ್ಣದ ಗಾರೆಯ ಕೆಲಸ ಮಾಡಿದವರು. ಅವರು ಕಟ್ಟಿದ ಗೋಡೆಗೆ ಮೊಳೆ ಹೊಡೆದರೆ ಮೊಳೆಯೇ ಬಗ್ಗುತ್ತಿತ್ತು. ನಮ್ಮ ಮಿಕ್ಸರ್ ಬಂದ ಮೇಲೆ ಅವರನ್ನು ಕೇಳುವವರು ಕಡಿಮೆಯಾದರು. ಅದು ನನ್ನ ಗಂಡನ ಮನಸ್ಸಿಗೆ ಚುಚ್ಚಿತು. ಹೋಗಿ ಕರೆದರು: "ಅಜ್ಜಯ್ಯ, ನೀರಿನ ಕೆಲ್ಸ ನಿಮ್ದ್. ಎಷ್ಟ್ ನೀರ್ ಹಾಕ್ಕ್ ಅಂದೇಳಿ ನೀವ್ ಹೇಳ್ದಾಂಗೆ." ಕಾಂಕ್ರೀಟಿನಲ್ಲಿ ನೀರಿನ ಹದವೇ ಹದ. ಅಜ್ಜಯ್ಯನಿಗೆ ಹೆಗಲ ಮೇಲಿನ ಬೈರಾಸು ಎರಡಂಗುಲ ಎತ್ತರವಾದ ಹಾಗಾಯಿತು. ಮಿಕ್ಸರಿನ ಪಕ್ಕ ನೀರು ತುಂಬಿದ ಪೀಪಾಯಿ, ಪೀಪಾಯಿಯ ಪಕ್ಕ ಅಜ್ಜಯ್ಯ, ಹೀಗೆ ಅವರು ನಮ್ಮ ಜೊತೆಯಾದರು.

ಪತ್ತನಾಜೆಗೆ ಹದಿನೈದು ದಿನ ಇರುವಾಗ ಹಂಗಾರಕಟ್ಟೆಯಿಂದ ಒಬ್ಬಾಕೆ ನಮ್ಮ ಮನೆಗೆ ಬಂದಳು. ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಊರೂರು ತಿರುಗಿ ಮಕ್ಕಳನ್ನು ದೊಡ್ಡ ಮಾಡಿದವಳು. ನನಗಿಂತ ಹತ್ತು ವರ್ಷ ದೊಡ್ಡವಳು, ನನಗಿಂತ ಹತ್ತು ಪಟ್ಟು ದೊಡ್ಡ ಬಾಯಿ. ನಾನು ಅಕ್ಕ ಎಂದೆ. ಹೊಳೆಯಾಚೆಯ ಅವಳ ಮನೆಯ ಸೂರನ್ನು, ನಮ್ಮ ಮಾತಲ್ಲಿ ಮಾಡನ್ನು, ಗಾಳಿ ಎರಡು ಮಳೆಗಾಲ ಎತ್ತಿಕೊಂಡು ಹೋಗಿತ್ತಂತೆ.

"ಗಾಳಿ ಅಪ್ಪ ಬಂದ್ರೂ ಎತ್ತುಕಾಗ್ದೆ ಇಪ್ಪ ಮಾಡ್ ಬೇಕ್ ನಂಗೆ," ಎಂದಳು. "ಕಡಲಕರಿಯಲ್ಲೆಲ್ಲ ಹೇಳಿ ಆಯ್ತ್. ನನ್ ಮರ್ವಾದಿ ನಿಮ್ ಕೈಯಂಗಿತ್ತ್, ಕಾಣಿ."

ಇವರು ನನ್ನ ಮುಖ ನೋಡಿದರು, ನಾನು ಇವರ ಮುಖ ನೋಡಿದೆ. ಇದೊಂದು ಗೆದ್ದರೆ ಕಡಲಕರೆಯ ಅಷ್ಟೂ ಮನೆ ನಮ್ಮ ಕಡೆ. ಗೆಲ್ಲದಿದ್ದರೆ ಬೊಂಬಾಯಿ. ಬೇರೆ ಹೇಳಬೇಕಾಗಿರಲಿಲ್ಲ.

ಹೊಳೆ ದಾಟಿಸುವ ಯೋಚನೆ ನಮ್ಮದಲ್ಲ, ಅವಳದ್ದೇ. ಎರಡು ದೊಡ್ಡ ದೋಣಿಗಳನ್ನು ಜೋಡಿಸಿ, ಮೇಲೆ ಹಲಗೆ ಹಾಸಿ, ಹಗ್ಗದಲ್ಲಿ ಬಿಗಿದರು. ಮಿಕ್ಸರನ್ನು ಹತ್ತಿಸುವಾಗ ಹದಿನಾರು ಮಂದಿ "ಐಸಾ" ಎಂದು ಕೂಗಿ ತಳ್ಳಿದರು. ನಡು ಹೊಳೆಯಲ್ಲಿ ಅದು ಒಮ್ಮೆ ಒಂದು ಕಡೆಗೆ ವಾಲಿತು. ನಾನು ಇದ್ದಬದ್ದ ದೇವರಿಗೆಲ್ಲ ಹರಕೆ ಹೇಳಿಕೊಂಡೆ. ಅಕ್ಕ ಮಾತ್ರ ಮಿಕ್ಸರಿಗೆ ಒರಗಿ ನಿಂತು ಎಲೆ ಅಡಿಕೆ ಜಗಿಯುತ್ತಿದ್ದಳು. ಆಚೆ ದಡದಲ್ಲಿ ಕಾದಿದ್ದವರು ಮದುಮಗಳನ್ನು ಎದುರುಗೊಂಡ ಹಾಗೆ ಆರತಿ ಎತ್ತಿದರು.

ತಾರಸಿ ಹಾಕುವ ದಿನ ಬಿಸಿಲೆಂದರೆ ಬಿಸಿಲು. ಮನೆಗೆ ಬಂದವರಿಗೆ ಮೊದಲು ಬೆಲ್ಲ ನೀರು ಕೊಡುವುದು ನಮ್ಮ ರೂಢಿ. ಅಲ್ಲಿ ಕೆಲಸಕ್ಕೆ ಬಂದವರು ಮೂವತ್ತು ಜನ, ಆ ಬೆಲ್ಲ ನೀರಿನ ಉಸ್ತುವಾರಿ ನನ್ನದು. ಒಂದು ಡಬ್ಬಿ ತುಂಬಾ ಅಚ್ಚು ಬೆಲ್ಲ ಇಟ್ಟುಕೊಂಡು ಕೂತಿದ್ದೆ. ಮಿಕ್ಸರ್ ಇನ್ನೂ ಶುರುವಾಗಿರಲಿಲ್ಲ. ಅಜ್ಜಯ್ಯ ಮೆಲ್ಲಗೆ ಬಂದು, "ಹೆಣೆ, ಒಂದ್ ಅಚ್ಚ್ ಬೆಲ್ಲ ಕೊಡ್," ಎಂದರು. ವಯಸ್ಸಾದವರು, ಬಾಯಿ ಸಿಹಿ ಬೇಡುತ್ತದೆ ಎಂದುಕೊಂಡು ಇದ್ದದ್ದರಲ್ಲಿ ದೊಡ್ಡದನ್ನೇ ಆರಿಸಿ ಕೊಟ್ಟೆ. ಅಷ್ಟರಲ್ಲಿ ಇವರು ಹ್ಯಾಂಡಲ್ ತಿರುಗಿಸಿದರು. ಯಂತ್ರ ಗುಡುಗಿತು, ಕೋಳಿಗಳೆಲ್ಲ ತೆಂಗಿನ ತೋಪಿಗೆ ಓಡಿದವು. ಹೆಂಗಸರು ಸಾಲಾಗಿ ನಿಂತು ಬುಟ್ಟಿ ದಾಟಿಸಿದರು. ಸಂಜೆಯೊಳಗೆ ತಾರಸಿ ಮುಗಿದು, ಎಲ್ಲರೂ ಮೀನು ಸಾರಿನಲ್ಲಿ ಉಂಡು, ನಾವು ಗೆದ್ದೆವು ಎಂದುಕೊಂಡು ಮನೆಗೆ ಬಂದೆವು.

ಮರುದಿನ ಮಿಕ್ಸರ್ ತರಲು ಹೋದಾಗ ಅಕ್ಕ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ಏಣಿ ಹತ್ತಿಸಿ ತೋರಿಸಿದಳು. ಹೆಬ್ಬೆರಳು ಒತ್ತಿದರೆ ಸಲೀಸಾಗಿ ಒಳಗೆ ಹೋಯಿತು.

"ಇದೆಂತ, ತಾರ್ಸಿಯಾ, ಹಾಲ್ಬಾಯಿಯಾ? ಕತ್ತಿ ತಕಂಡ್ ಕೊಯ್ದ್ ಹಂಚ್ಲಾ?"

"ನಾಳಿಗೆ ಗಟ್ಟಿ ಆತ್ತ್ ಅಕ್ಕ," ಎಂದೆ ನಾನು.

"ಆಯ್ಲಿ. ಅಲ್ಲಿವರಿಗೆ ನಿಮ್ ಮಿಕ್ಸರ್ ಇಲ್ಲೇ ಇರ್ಲಿ."

ಹೊಳೆಯ ದೋಣಿಗಳೆಲ್ಲ ಅವಳ ಅಣ್ಣತಮ್ಮಂದಿರದ್ದು. ಅವಳು ಬೇಡ ಎಂದ ಮೇಲೆ ಮಿಕ್ಸರ್ ದಾಟುವಂತಿಲ್ಲ. ನಾಳೆ ಬಂತು, ಗಟ್ಟಿಯಾಗಲಿಲ್ಲ. ಕಡಲಕರೆಯಲ್ಲಿ ಸುದ್ದಿ ಹಬ್ಬುವುದಕ್ಕೆ ಬಸ್ಸು ಬೇಕಾಗಿಲ್ಲ. ಮಿಷನ್ನಿನಲ್ಲಿ ಕಲಸಿದ್ದು ಹಸಿಯಾಗಿಯೇ ಇರುತ್ತದಂತೆ ಎಂದು ಆ ಸಂಜೆಯೇ ಬೈಂದೂರಿನಲ್ಲಿ ಹೊಸ ಕೆಲಸಕ್ಕೆ ಹೇಳಿಟ್ಟವರು ಹೇಳಿ ಕಳಿಸಿದರು, ತಮಗೆ ಮಿಕ್ಸರ್ ಬೇಡ. ಮಾರನೆಯ ದಿನ ಕೊಕ್ಕರ್ಣೆಯ ಇನ್ನೊಬ್ಬರೂ ಬೇಡ ಎಂದರು. ಇವರು ಯಾರನ್ನೂ ದೂರಲಿಲ್ಲ. ಸಿಮೆಂಟ್ ಚೀಲ ದೋಣಿಯಲ್ಲಿ ಪಸೆ ಹಿಡಿಯಿತೇನೋ, ನಾನೇ ನೋಡಿಕೊಳ್ಳಬೇಕಿತ್ತು ಎಂದರು ಅಷ್ಟೆ. ಆಮೇಲೆ ಅಟ್ಟದಿಂದ ಬೊಂಬಾಯಿಯ ಟ್ರಂಕನ್ನು ಇಳಿಸಿ ಧೂಳು ಒರೆಸಿದರು. ನನಗೆ ಆ ಟ್ರಂಕನ್ನು ಎತ್ತಿ ಬಾವಿಗೆ ಎಸೆಯುವಷ್ಟು ಸಿಟ್ಟು ಬಂತು. ಎಸೆಯಲಿಲ್ಲ, ಬಾವಿಯ ನೀರು ಕುಡಿಯುವವಳು ನಾನೇ ತಾನೆ.

ತಾರಸಿ ಹಾಕಿ ಮೂರನೆಯ ದಿನ ಮಧ್ಯಾಹ್ನ ಇಬ್ಬರೂ ಮತ್ತೆ ಹೊಳೆ ದಾಟಿ ಹೋದೆವು. ಇವರು ಮೇಲೆ ಹತ್ತಿ ಮುಟ್ಟಿ ನೋಡುತ್ತಿದ್ದರು. ನಾನು ಕೆಳಗೆ ಪೀಪಾಯಿಯನ್ನಾದರೂ ತೊಳೆದಿಡೋಣ ಎಂದು ಹೋದೆ. ನೋಡುತ್ತೇನೆ, ಇರುವೆಯ ಸಾಲು! ನೆಲದಿಂದ ಪೀಪಾಯಿಯ ಬಾಯಿಯವರೆಗೆ, ಮೇಲೆ ಹೋಗುವವು ಮೇಲೆ, ಇಳಿಯುವವು ಕೆಳಗೆ. ನೀರಿನ ಪೀಪಾಯಿಯಲ್ಲಿ ಇರುವೆಗೆ ಎಂತ ಕೆಲಸ? ತಳದಲ್ಲಿ ಕಂದು ಬಣ್ಣದ ಗಷ್ಟು ಅಂಟಿತ್ತು. ಬೆರಳಲ್ಲಿ ತೆಗೆದು ನಾಲಿಗೆಗೆ ಮುಟ್ಟಿಸಿದೆ. ಸಿಹಿ. ಸುಣ್ಣದ ಗಾರೆಗೆ ಬೆಲ್ಲದ ನೀರು ಹಾಕಿದರೆ ಗೋಡೆ ಕಲ್ಲಿನಂತಾಗುತ್ತದೆ ಎಂಬುದು ನಮ್ಮ ಕಡೆಯ ಹಳಬರಿಗೆಲ್ಲ ಗೊತ್ತು. ಅಜ್ಜಯ್ಯ ತಿನ್ನಲಿಕ್ಕೆ ಬೆಲ್ಲ ಕೇಳಿದ್ದಲ್ಲ.

ಇವರನ್ನು ಕೆಳಗೆ ಕರೆದು ತೋರಿಸಿದೆ. ಮೂರು ದಿನದಲ್ಲಿ ಮೊದಲ ಸಲ ಇವರು ನಕ್ಕರು, ಅದೂ ಹೊಟ್ಟೆ ಹಿಡಿದುಕೊಂಡು.

"ಬೊಂಬಾಯಂಗೆ ಮಿಕ್ಸರ್ ನಡು ಕೆಲ್ಸದಂಗೆ ಹಾಳಾಯಿ ನಿಂತ್ರೆ ಡ್ರಮ್ಮಿಗೆ ಸಕ್ರಿ ಸುರಿತ್ರ್," ಎಂದರು. "ಸಿಮೆಂಟ್ ಗಟ್ಟಿ ಆಪ್ದಿಲ್ಲೆ. ಸುಣ್ಣಕ್ಕೆ ಬೆಲ್ಲ ಬಲ, ಸಿಮೆಂಟಿಗೆ ಅದೇ ನಿದ್ರಿ ಮದ್ದ್. ಎಷ್ಟ್ ಹಾಕಿರ್?"

"ಒಂದ್ ಅಚ್ಚ್. ದೊಡ್ಡದ್. ಕೊಟ್ಟದ್ದ್ ನಾನೇ."

"ಒಂದೇ ಆರೆ ತಾರ್ಸಿ ಸಾಯ್ಲಿಲ್ಲೆ, ನಿದ್ರಿ ಮಾಡ್ತಿತ್ತ್. ಎರಡ್ ದಿನದಂಗೆ ಏಳೂಕೂ ಸಾಕ್, ಏಳ್ದೆ ಇಪ್ಪೂಕೂ ಸಾಕ್."

"ಹಂಗಾರೆ ಈಗ್ಲೇ ಅಕ್ಕನತ್ರ ಹೇಳ್ವ. ಮಿಕ್ಸರಿಂದ್ ತಪ್ಪಲ್ಲ ಅಂದೇಳಿ!"

ಇವರ ನಗು ನಿಂತಿತು. "ಬ್ಯಾಡ. ಅಜ್ಜಯ್ಯಂದ್ ನಲ್ವತ್ ವರ್ಷದ ಹೆಸ್ರ್. ಇದೊಂದ್ರಂಗೆ ಹೋತ್ತ್. ಯಾರತ್ರೂ ಹೇಳ್ಬ್ಯಾಡ, ನನ್ ಆಣೆ."

"ನಿಮ್ಮ ಹೆಸ್ರ್?"

"ನಂದ್ ಹೊಸ್ತ್. ನಂಗೆ ಬೊಂಬಾಯಿ ಇತ್ತಲೆ."

ಬೊಂಬಾಯಿ ಇವರಿಗೆ ಇತ್ತು, ನನಗೆ ಏನಿತ್ತು? ದೋಣಿಯಲ್ಲಿ ಬರುವಾಗ ಮುಖ ತಿರುಗಿಸಿ ಕೂತೆ. ಅಳು ಬಂತು, ಅತ್ತೆ. ಇಷ್ಟು ಒಳ್ಳೆಯ ಮನುಷ್ಯನನ್ನು ಕಟ್ಟಿಕೊಂಡರೆ ಹೀಗೇ ಆಗುವುದು ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಮರುದಿನ ಬೆಳಿಗ್ಗೆ ಅಜ್ಜಯ್ಯನೇ ನಮ್ಮ ಮನೆಗೆ ಬಂದರು. ಇವರು ಡೀಸೆಲ್ ಅಂಗಡಿಯ ಕಡೆ ಹೋಗಿದ್ದರು. ಅಜ್ಜಯ್ಯನ ಕಣ್ಣಿಗೆ ಚಾವಡಿಯಲ್ಲಿದ್ದ ಟ್ರಂಕು ಬಿತ್ತು.

"ನಿನ್ ಗಂಡ ಹೊರಟಾ? ಛೇ ಛೇ, ಅವ ಹೋಪ್ದ್ ಬ್ಯಾಡ ಹೆಣೆ. ಕೂಕಂಡ್ ಆಲೋಚ್ನಿ ಮಾಡ್ದೆ. ಮಿಕ್ಸರಿಂದ್ ಎಂತ ದೋಷ ಇಲ್ಲೆ." ಹತ್ತಿರ ಬಂದು ದನಿ ತಗ್ಗಿಸಿದರು. "ಬೆಲ್ಲ ಸಾಕಾಯ್ಲಿಲ್ಲೆ, ಕಾಣ್. ಇನ್ನೊಂದ್ ಅಚ್ಚ್ ಹಾಕುಕಿತ್ತ್!"

ಅಯ್ಯೋ ದೇವರೇ. ಗಂಡ ಹಾಕಿದ ಆಣೆ, ದೊಡ್ಡವರ ಮರ್ಯಾದೆ, ಯಾವುದೂ ನನ್ನ ಬಾಯಿಯನ್ನು ಹಿಡಿಯಲಿಲ್ಲ. "ಅಜ್ಜಯ್ಯ, ಆ ಬೆಲ್ಲದಿಂದ್ಲೇ ತಾರ್ಸಿ ಹೀಂಗಾದ್ದ್," ಎಂದುಬಿಟ್ಟೆ. ಪೀಪಾಯಿ, ಇರುವೆ, ಬೊಂಬಾಯಿಯ ಸಕ್ಕರೆ ಎಲ್ಲ ಹೇಳಿದೆ. ಯಾರಿಗೂ ಹೇಳಬೇಡ ಎಂದು ಇವರು ಹೇಳಿದ್ದನ್ನೂ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ನನಗೇ ನಾಚಿಕೆಯಾಗಿತ್ತು. ಅಜ್ಜಯ್ಯ ಜಗಲಿಯಲ್ಲಿ ಕೂತರು. ತಮ್ಮ ಅಂಗೈ ನೋಡಿಕೊಂಡರು. ನೀರು ಕೊಟ್ಟರೆ ಬೇಡ ಎಂದರು. ಆಮೇಲೆ ಎದ್ದು ಬೈರಾಸನ್ನು ಕೊಡವಿ ಹೆಗಲಿಗೆ ಹಾಕಿ, ಬಸ್ಸು ನಿಲ್ಲುವ ಕಡೆ ನಡೆದರು. ನಾನು ಬಾಗಿಲಿಗೆ ಚಿಲಕ ಹಾಕಿ ಹಿಂದೆಯೇ ಓಡಿದೆ.

ಹೊಳೆಯಾಚೆಯ ದಡದಲ್ಲಿ ಆಗಷ್ಟೆ ಬಲೆ ಬಿಚ್ಚುತ್ತಿದ್ದರು. ಹತ್ತಿಪ್ಪತ್ತು ಜನ ಸೇರಿದ್ದರು, ಅಕ್ಕನೂ ಅಲ್ಲೇ ಇದ್ದಳು. ಒಳಗೆ ಕರೆದು ಗುಟ್ಟಾಗಿ ಹೇಳಬಹುದಿತ್ತು. ಅಜ್ಜಯ್ಯ ಹಾಗೆ ಮಾಡಲಿಲ್ಲ. ಎಲ್ಲರ ನಡುವೆ ನಿಂತು ಗಟ್ಟಿಯಾಗಿ ಹೇಳಿದರು.

"ಎಲ್ರೂ ಕೇಣಿ. ಮಿಕ್ಸರಿಂದ್ ತಪ್ಪಿಲ್ಲೆ, ಆ ಗಂಡಿಂದೂ ತಪ್ಪಿಲ್ಲೆ. ನೀರಿಗೆ ಬೆಲ್ಲ ಹಾಕಿದ್ದ್ ನಾನ್. ಸಿಮೆಂಟಿಗೆ ಅದ್ ಆಪ್ದಿಲ್ಲೆ ಅಂದೇಳಿ ನಂಗೆ ಗೊತ್ತಿರ್ಲಿಲ್ಲೆ."

ಬಲೆ ಬಿಚ್ಚುವ ಕೈಗಳು ನಿಂತವು. ಅಕ್ಕ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಎಂತಕ್ಕ್ ಹಾಕಿದ್ರಿ ಅಜ್ಜಯ್ಯ?"

"ನಿನ್ ಮನಿ ನೂರ್ ವರ್ಷ ಇರ್ಲಿ ಅಂದೇಳಿ."

ಏನು ಹೇಳುತ್ತಾಳೋ ಎಂದು ನಾನು ಅಕ್ಕನ ಮುಖವನ್ನೇ ನೋಡಿದೆ. ಅವಳ ತುಟಿ ಮೊದಲು ನಡುಗಿತು, ಆಮೇಲೆ ನಗು ಒಡೆಯಿತು. "ಥೋ ಮರಾಯ್ರೆ! ಮನಿಗೆ ಬಂದವ್ರಿಗೆ ಬೆಲ್ಲ ನೀರ್ ಕೊಟ್ಟದ್ದ್ ಕಂಡಿದೆ, ಮನಿಗೇ ಬೆಲ್ಲ ನೀರ್ ಕುಡ್ಸಿದವ್ರ್ ನೀವೊಬ್ರೇ!" ದಡವಿಡೀ ನಕ್ಕಿತು. ನಗು ಮುಗಿದ ಮೇಲೆ ಅವಳು ಲೆಕ್ಕಕ್ಕೆ ಬಂದಳು. ಇನ್ನೊಂದು ದಿನ ಕಾಯುತ್ತೇನೆ, ಗಟ್ಟಿಯಾಗದಿದ್ದರೆ ಒಡೆದು ಹೊಸತು ಹಾಕಿಕೊಡಬೇಕು ಎಂದಳು. ಅಜ್ಜಯ್ಯ ಒಪ್ಪಿಕೊಂಡರು.

ಆ ಸಂಜೆ ಕಡಲಿನ ಮೇಲೆ ಮೋಡ ಕಟ್ಟಿತು. ಸುದ್ದಿ ಕೇಳಿ ಓಡಿ ಬಂದ ಇವರು ತಾರಸಿಯ ಮೇಲೆ ತೆಂಗಿನ ಗರಿ ಹೆಣೆದ ಮಡ್ಲು ಹೊದಿಸಿದರು. ಬಲೆ ಬಿಚ್ಚುತ್ತಿದ್ದವರೂ ಹೊತ್ತು ತಂದು ಕೊಟ್ಟರು. ನಾಲ್ಕು ಹನಿ ಬಿತ್ತು, ಗಾಳಿ ಮೋಡವನ್ನು ಎತ್ತಿಕೊಂಡು ಹೋಯಿತು.

ಐದನೆಯ ದಿನ ಬೆಳಿಗ್ಗೆ ನಾವು ತಲುಪುವ ಮೊದಲೇ ಅಜ್ಜಯ್ಯ ಮೇಲೆ ಇದ್ದರು. ಮಡ್ಲು ಸರಿಸಿ, ಹಾರೆಯ ಹಿಂಬದಿಯಿಂದ ಕುಟ್ಟಿದರು. ಟಣ್ ಎಂದಿತು. ಎರಡು ಹೆಜ್ಜೆ ಆಚೆ ಹೋಗಿ ಕುಟ್ಟಿದರು, ಟಣ್. ನಾಲ್ಕೂ ಮೂಲೆಗೆ ಹೋಗಿ ಕುಟ್ಟಿದರು. ಆಮೇಲೆ ಅಲ್ಲೇ ಕೂತು ಬೈರಾಸಿನಲ್ಲಿ ಮುಖ ಮುಚ್ಚಿಕೊಂಡರು. ಅಕ್ಕ ಏಣಿ ಹತ್ತಿ, ತಾರಸಿಯ ಮೇಲೆ ಮೂರು ಸಲ ಹಾರಿದಳು. ಹಾರಿ, ಕೆಳಗಿದ್ದ ಅಣ್ಣತಮ್ಮಂದಿರಿಗೆ ಕೂಗಿದಳು, "ಹ್ವಾಯ್, ದೋಣಿ ಕಟ್ಟಿನಿ! ಮಿಕ್ಸರ್ ಹೋಯ್ಲಿ. ಆಚಿಮನಿಯರಿಗೂ ತಾರ್ಸಿ ಬೇಕಂಬ್ರ್. ಬೆಲ್ಲ ಬ್ಯಾಡ್ದಂಬ್ರ್!"

ಮಿಕ್ಸರ್ ಹೊತ್ತ ಜೋಡಿ ದೋಣಿ ಈಚೆ ದಡಕ್ಕೆ ಹೊರಟಿತು. ಇವರು ಗಾಲಿಗೆ ಕಟ್ಟಿದ ಹಗ್ಗ ಹಿಡಿದು ನಿಂತಿದ್ದರು, ನಾನು ಪಕ್ಕದಲ್ಲಿ. ಆಣೆ ಮುರಿದದ್ದಕ್ಕೆ ಬೈಯುತ್ತಾರೆ ಎಂದು ಕಾಯುತ್ತಿದ್ದೆ, ಉತ್ತರಕ್ಕೆ ನಾಲ್ಕೈದು ಮಾತು ತಯಾರು ಮಾಡಿಯೂ ಇಟ್ಟುಕೊಂಡಿದ್ದೆ. ನಡು ಹೊಳೆಗೆ ಬಂದಾಗ ಇವರು ನೀರನ್ನೇ ನೋಡುತ್ತಾ ಮೆಲ್ಲಗೆ ಹೇಳಿದರು.

"ನಾ ಬೊಂಬಾಯಿಗೆ ಹೋತಿಲ್ಲೆ."

ತಯಾರಿದ್ದ ಮಾತೆಲ್ಲ ಎಲ್ಲಿಗೆ ಹೋಯಿತೋ. ಕೇಳಿದೆ, "ಎಂತ ಹೇಳ್ದ್ರಿ? ಗಾಳಿ, ಕೇಂಬುದಿಲ್ಲೆ."

ಗಾಳಿ ಇರಲಿಲ್ಲ. ನನಗೆ ಚೆನ್ನಾಗಿಯೇ ಕೇಳಿಸಿತ್ತು. ಆರು ವರ್ಷ ಕಾದವಳಿಗೆ ಒಂದು ಸಲ ಕೇಳಿದರೆ ಸಾಕಾಗಲಿಲ್ಲ. ಇವರು ನನ್ನ ಕಡೆ ತಿರುಗಿ ಇನ್ನೊಮ್ಮೆ ಹೇಳಿದರು, ದೋಣಿಯವರಿಗೂ ಕೇಳುವಷ್ಟು ದೊಡ್ಡದಾಗಿ.